ಚಂದದ ಮ್ಯಾಪ್, ಖಾಲಿ ಸರ್ವರ್: ತೊಂದರೆ ಎಲ್ಲಿದೆ?

ಪ್ರಶ್ನೆ: ಸೋರ್ಸ್ ಅನ್ನುವ ಗೇಮ್ ಎಂಜಿನ್ ಮೇಲೆ ಮಾಡಿದ ಒಂದು ಮಾಡ್‌ಗೆ (ಇದ್ದ ಆಟವನ್ನು ಬದಲಿಸಿ ಮಾಡಿದ ಆಟ) ಐದು-ಐದು ಜನ ಆಡುವ ಬಾಂಬ್ ಮ್ಯಾಪ್ ಕಟ್ಟಿದ್ದೇನೆ. ಒಂದು ಟೀಮು ಎ ಅಥವಾ ಬಿ ಸೈಟಿನಲ್ಲಿ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಮ್ಯಾಪ್ ಕಟ್ಟುವ ಹ್ಯಾಮರ್ ಸಾಫ್ಟ್‌ವೇರಿನಲ್ಲಿ ತಿಂಗಳುಗಟ್ಟಲೆ ಕೂತು ಟೆಕ್ಸ್ಚರ್ (ಗೋಡೆ, ನೆಲದ ಮೇಲಿನ ಚಿತ್ರ), ಲೈಟಿಂಗ್ ಎಲ್ಲ ಮುತುವರ್ಜಿಯಿಂದ ಮಾಡಿದೆ. ಸ್ಕ್ರೀನ್‌ಶಾಟ್ ನೋಡಿದವರೆಲ್ಲ ಸೂಪರ್ ಅಂತಾರೆ. ಆಡೋಕೆ ಕೂತವರು ನಾಲ್ಕು ರೌಂಡಿಗೇ ಎದ್ದು ಹೋಗ್ತಾರೆ. ಬಾಂಬ್ ಇಡುವ ಟೀಮು ಗೆಲ್ಲೋದೇ ಅಪರೂಪ. ನಡುವಿನ ಅಂಗಳಕ್ಕೆ ಬಂದರೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಕುಸಿಯುತ್ತೆ. ಅಳತೆ ಸಮೇತ ಸ್ಕೆಚ್ ಕಳಿಸಿದ್ದೇನೆ. ಇದನ್ನೇ ರಿಪೇರಿ ಮಾಡಲಾ, ಬಿಟ್ಟು ಹೊಸದು ಶುರು ಮಾಡಲಾ?

ಉತ್ತರ: ಬಿಡಬೇಡಿ. ಸ್ಕೆಚ್ ನೋಡಿದೆ. ಮ್ಯಾಪ್‌ನ ಎಲುಬು ಗಟ್ಟಿಯಾಗಿಯೇ ಇದೆ. ಒಂದು ದಾರಿ ಮುಚ್ಚಬೇಕು, ಒಂದು ದಾರಿ ತೆರೆಯಬೇಕು, ಒಂದಷ್ಟು ಗೋಡೆ ಎತ್ತರಿಸಬೇಕು. ಇದು ಕೆಲವು ಸಂಜೆಗಳ ಕೆಲಸ. ಆದರೆ ಅದಕ್ಕೆ ಕೈ ಹಾಕುವ ಮೊದಲು ಮ್ಯಾಪನ್ನು ನೋಡುವ ರೀತಿ ಸ್ವಲ್ಪ ಬದಲಾಗಬೇಕು.

ನಿಮ್ಮ ಪ್ರಶ್ನೆಯಲ್ಲಿ ಟೆಕ್ಸ್ಚರ್ ಇದೆ, ಲೈಟಿಂಗ್ ಇದೆ. ಯಾರು ಎಷ್ಟು ಸೆಕೆಂಡಿಗೆ ಎಲ್ಲಿ ತಲುಪುತ್ತಾರೆ ಅನ್ನುವ ಮಾತು ಎಲ್ಲೂ ಇಲ್ಲ. ಮಲ್ಟಿಪ್ಲೇಯರ್ ಮ್ಯಾಪ್ ಅಂದರೆ ಮೊದಲಿಗೆ ಸಮಯದ ಲೆಕ್ಕ. ಎರಡು ಟೀಮು ಎಲ್ಲಿ ಎದುರಾಗುತ್ತವೆ, ಎಷ್ಟನೇ ಸೆಕೆಂಡಿಗೆ ಎದುರಾಗುತ್ತವೆ, ಆ ಹೊತ್ತಿಗೆ ಯಾರ ಕೈ ಮೇಲಿರುತ್ತದೆ. ಇಷ್ಟನ್ನು ನೀವು ತೀರ್ಮಾನ ಮಾಡಬೇಕು. ಗೋಡೆ, ಬಾಗಿಲು, ಮೆಟ್ಟಿಲು, ಪೆಟ್ಟಿಗೆ ಎಲ್ಲ ಆ ತೀರ್ಮಾನವನ್ನು ನಡೆಸಿಕೊಡುವ ಸಾಮಾನು ಅಷ್ಟೇ. ನೀವು ಸಾಮಾನನ್ನು ಚೆನ್ನಾಗಿ ಜೋಡಿಸಿದ್ದೀರಿ. ತೀರ್ಮಾನ ಮಾತ್ರ ತಂತಾನೇ ಆಗಿಹೋಗಿದೆ, ಅದೂ ಒಂದೇ ಟೀಮಿನ ಕಡೆಗೆ.

ನಿಮ್ಮದೇ ಅಳತೆ ಹಿಡಿದು ಲೆಕ್ಕ ಹಾಕೋಣ. ಇಂಥದೇ ಬಾಂಬ್ ಆಟವಾದ ಕೌಂಟರ್-ಸ್ಟ್ರೈಕ್ 1.6ರಲ್ಲಿ ಚಾಕು ಹಿಡಿದ ಆಟಗಾರ ಸೆಕೆಂಡಿಗೆ 250 ಯೂನಿಟ್ (ಎಂಜಿನ್‌ನ ಅಳತೆ) ಓಡುತ್ತಾನೆ. ಕೈಯಲ್ಲಿ ಏಕೆ-47 ಇದ್ದರೆ 221. ಎಂ4ಎ1 ಇದ್ದರೆ 230. ನಿಮ್ಮ ಮಾಡ್‌ನಲ್ಲಿ ಈ ಅಂಕಿ ಬೇರೆ ಇರಬಹುದು. ಕನ್ಸೋಲ್‌ನಲ್ಲಿ (ಆಟದೊಳಗೆ ಕಮಾಂಡ್ ಬರೆಯುವ ಜಾಗ) ಷೋಪಾಸ್ ಕಮಾಂಡ್ ಕೊಟ್ಟರೆ ನೀವಿರುವ ಜಾಗ, ತಿರುಗಿದ ಕೋನ, ವೇಗ ಮೂರೂ ಸ್ಕ್ರೀನಿನ ಮೂಲೆಯಲ್ಲಿ ಕಾಣುತ್ತವೆ. ಒಂದು ಗನ್ ಹಿಡಿದು ಓಡಿ, ವೇಗ ಬರೆದುಕೊಳ್ಳಿ. ಸದ್ಯಕ್ಕೆ ನಾನು 1.6ರ ಅಂಕಿಯನ್ನೇ ಹಿಡಿಯುತ್ತೇನೆ, ದಾಳಿ ಮಾಡುವವರಿಗೆ 221, ಕಾಯುವವರಿಗೆ 230.

ನಿಮ್ಮ ಸ್ಕೆಚ್‌ನಲ್ಲಿ ದಾಳಿ ಮಾಡುವವರ ಸ್ಪಾನ್‌ನಿಂದ (ರೌಂಡು ಶುರುವಾದಾಗ ನಿಲ್ಲುವ ಜಾಗ) ಎ ಸೈಟಿಗೆ 3000 ಯೂನಿಟ್. ಅಂದರೆ ಸುಮಾರು 13.6 ಸೆಕೆಂಡ್. ಕಾಯುವವರ ಸ್ಪಾನ್‌ನಿಂದ ಅದೇ ಎ ಸೈಟಿಗೆ 1200 ಯೂನಿಟ್. ಅಂದರೆ 5.2 ಸೆಕೆಂಡ್. ನಡುವೆ ಎಂಟು ಸೆಕೆಂಡಿನ ಅಂತರ. ಕಾಯುವವರು ಮೊದಲು ತಲುಪಬೇಕು ನಿಜ, ಇಲ್ಲದಿದ್ದರೆ ಅವರು ಕಾಯೋದಾದರೂ ಏನನ್ನು? ಆದರೆ ಎಂಟು ಸೆಕೆಂಡ್ ತುಂಬಾ ಜಾಸ್ತಿ. ಅಷ್ಟರಲ್ಲಿ ಪೆಟ್ಟಿಗೆ ಹಿಂದೆ ಕೂತು, ಗುರಿ ಹಿಡಿದು, ಇನ್ನೊಬ್ಬನಿಗೆ ಎಲ್ಲಿ ನಿಲ್ಲಬೇಕು ಅಂತ ಹೇಳಿಯೂ ಮುಗಿದಿರುತ್ತದೆ. ನಾನು ಮೂರರಿಂದ ಐದು ಸೆಕೆಂಡಿನ ಅಂತರ ಇಟ್ಟುಕೊಳ್ಳುತ್ತೇನೆ. ಅಷ್ಟರಲ್ಲಿ ಕಾಯುವವರು ಜಾಗಕ್ಕೆ ಬಂದಿರುತ್ತಾರೆ, ತಳ ಊರಿರುವುದಿಲ್ಲ.

ಆದರೆ ನಿಮ್ಮ ಮ್ಯಾಪಿನ ನಿಜವಾದ ತೊಂದರೆ ಇದಲ್ಲ. ಎ ಇಂದ ಬಿ ಸೈಟಿಗೆ ಕಾಯುವವರಿಗೆ ಹಿಂದುಗಡೆ ಒಂದು ನೇರ ಕಾರಿಡಾರ್ ಕೊಟ್ಟಿದ್ದೀರಿ. ಉದ್ದ 1500 ಯೂನಿಟ್, ಅಂದರೆ 6.5 ಸೆಕೆಂಡ್. ಅದಕ್ಕೆ ಯಾವ ಕಡೆಯಿಂದಲೂ ಕಿಟಕಿ ಇಲ್ಲ, ಯಾರ ಕಣ್ಣೂ ಬೀಳುವುದಿಲ್ಲ. ಇತ್ತ ದಾಳಿ ಮಾಡುವವರು ಎ ಬೇಡ, ಬಿ ಕಡೆ ಹೋಗೋಣ ಅಂತ ಮನಸ್ಸು ಬದಲಿಸಿದರೆ ತಮ್ಮ ಸ್ಪಾನ್ ಕಡೆಗೆ ವಾಪಸ್ ಬಂದು ಸುತ್ತು ಹೊಡೆಯಬೇಕು. ಅದು 4000 ಯೂನಿಟ್, ಹದಿನೆಂಟು ಸೆಕೆಂಡ್. ಅಂದರೆ ದಾಳಿ ಮಾಡುವವನು ಸೈಟು ಬದಲಿಸುವಷ್ಟರಲ್ಲಿ ಕಾಯುವವನು ಅಲ್ಲಿಗೆ ಹೋಗಿ, ಏನೂ ಇಲ್ಲ ಅಂತ ವಾಪಸ್ ಬಂದು, ಮತ್ತೆ ಅತ್ತ ಹೊರಟಿರಬಹುದು. ಮೋಸದ ದಾಳಿಗೆ ಜಾಗವೇ ಇಲ್ಲ. ಐದೂ ಜನ ಒಂದೇ ಬಾಗಿಲಿಗೆ ನುಗ್ಗುವುದು ಬಿಟ್ಟರೆ ಬೇರೆ ದಾರಿ ಕಾಣದು. ನಾಲ್ಕು ರೌಂಡಿನಲ್ಲಿ ಇದು ಆಡುವವರಿಗೆ ಗೊತ್ತಾಗಿಬಿಡುತ್ತದೆ. ಬಾಯಲ್ಲಿ ಬೋರ್ ಅಂತಾರೆ ಅಷ್ಟೇ.

ಬಾಂಬ್ ಇಟ್ಟ ಮೇಲೂ ಇದೇ ಕಥೆ. ನಿಮ್ಮ ಮಾಡ್‌ನಲ್ಲಿ ಟೈಮರ್ 40 ಸೆಕೆಂಡ್ ಅಂದುಕೊಳ್ಳೋಣ. ಡಿಫ್ಯೂಸ್ ಕಿಟ್ ಇಲ್ಲದೆ ಬಾಂಬನ್ನು ನಿಷ್ಕ್ರಿಯ ಮಾಡಲು ಕೌಂಟರ್-ಸ್ಟ್ರೈಕ್‌ನಲ್ಲಿ 10 ಸೆಕೆಂಡ್ ಬೇಕು, ಕಿಟ್ ಇದ್ದರೆ 5. ಕಿಟ್ ಇಲ್ಲದವನಿಗೆ ಉಳಿಯುವುದು 30 ಸೆಕೆಂಡ್. ಅದರಲ್ಲಿ ಬಿ ಇಂದ ಎ ತಲುಪಲು ಆರೂವರೆ ಹೋದರೆ, ಕಾದಾಡಿ ಸೈಟು ಬಿಡಿಸಿಕೊಳ್ಳಲು 23 ಸೆಕೆಂಡಿಗೂ ಮೇಲೆ ಸಿಗುತ್ತದೆ. ಆರಾಮಾಗಿ ಸ್ಮೋಕ್ ಗ್ರೆನೇಡ್ ಎಸೆದು, ಹೊಗೆಯ ಮರೆಯಲ್ಲಿ ಒಳಗೆ ಬರಬಹುದು. ಈ ಸಮಯವನ್ನು ನೀವು ಕಿತ್ತುಕೊಳ್ಳಬೇಕು.

ಹೇಗೆ? ಹಿಂದುಗಡೆಯ ಆ ಕಾರಿಡಾರನ್ನು ಮುಚ್ಚಿ. ಕಾಯುವವರು ತಮ್ಮ ಸ್ಪಾನ್ ಮೂಲಕವೇ ಸೈಟು ಬದಲಿಸಲಿ. ನಿಮ್ಮ ಅಳತೆಯಲ್ಲಿ ಬಿ ಸೈಟು ಸ್ಪಾನ್‌ನಿಂದ 1300 ಯೂನಿಟ್. ಅಲ್ಲಿಗೆ ಎ ಇಂದ ಬಿ ಒಟ್ಟು 2500, ಹನ್ನೊಂದು ಸೆಕೆಂಡಿನ ಹತ್ತಿರ. ಒಂದು ಗೋಡೆ ಎಬ್ಬಿಸಿದರೆ ಮುಗಿಯಿತು.

ಇನ್ನು ನಡುವಿನ ಅಂಗಳ. ಸದ್ಯ ಅದರಿಂದ ಎ ಸೈಟಿಗೆ ಮಾತ್ರ ದಾರಿ ಇದೆ. ಹಾಗಾಗಿ ಅಂಗಳ ಗೆದ್ದರೂ ಲಾಭ ಅಷ್ಟಕ್ಕಷ್ಟೇ. ಅದರ ಎಡಗೋಡೆ ಒಡೆದು ಬಿ ಕಡೆಗೂ ಒಂದು ಕಿರಿದಾದ ದಾರಿ ಕೊಡಿ. ಸ್ಕೆಚ್ ಪ್ರಕಾರ ಅಂಗಳದ ನಡುವಿನಿಂದ ಎ 1100, ಬಿ ಸುಮಾರು 1200 ಆಗುತ್ತದೆ. ಅಂದರೆ ಅಂಗಳ ಹಿಡಿದ ಟೀಮು ಎರಡೂ ಸೈಟಿಗೆ ಐದಾರು ಸೆಕೆಂಡಿನಲ್ಲಿ ತಲುಪಬಹುದು. ಇಲ್ಲಿಂದ ಆಟ ಹುಟ್ಟುತ್ತದೆ. ಈಗ ಕಾಯುವವರು ಅಂಗಳಕ್ಕೆ ಜನ ಹಾಕಬೇಕಾ ಬೇಡವಾ ಅಂತ ಯೋಚಿಸಬೇಕು. ಹಾಕಿದರೆ ಸೈಟು ತೆಳ್ಳಗಾಗುತ್ತದೆ. ಹಾಕದಿದ್ದರೆ ಯಾವ ಕಡೆ ಬರುತ್ತಾರೋ ಗೊತ್ತಾಗುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಕಾಯುವವರು ಸ್ಪಾನ್ ಮೂಲಕ ಓಡುವ ಆ ಹನ್ನೊಂದು ಸೆಕೆಂಡಿನಲ್ಲಿ ಒಂದು ಕಡೆ, ಒಂದೇ ಕಡೆ, ಅಂಗಳದಿಂದ ಕಣ್ಣಿಗೆ ಬೀಳುವಂತೆ ಮಾಡಿ. 1.6ರ ಡಸ್ಟ್ 2 ಮ್ಯಾಪ್ ಆಡಿದ್ದೀರಲ್ವಾ? ಅಲ್ಲಿ ಕಾಯುವವರು ಸ್ಪಾನ್‌ನಿಂದ ಬಿ ಸೈಟಿಗೆ ಹೋಗಬೇಕಾದರೆ ಮಿಡ್ (ನಡುವಿನ ದಾರಿ) ಬಾಗಿಲುಗಳ ಹಿಂದೆ ದಾಟಬೇಕು. ಬಾಗಿಲ ಸಂದಿಯಲ್ಲಿ ಗುರಿ ಹಿಡಿದು ಕೂತ ಸ್ನೈಪರ್ ರೌಂಡು ಶುರುವಾಗಿ ಕೆಲವೇ ಕ್ಷಣಕ್ಕೆ ಒಬ್ಬನನ್ನು ಉರುಳಿಸಬಹುದು. ಉರುಳಿಸದಿದ್ದರೂ ಎಷ್ಟು ಜನ ಬಿ ಕಡೆ ದಾಟಿದರು ಅಂತ ಎಣಿಸಬಹುದು. ಒಂದು ಸಂದಿ ಎಷ್ಟು ಕೆಲಸ ಮಾಡುತ್ತಿದೆ ನೋಡಿ. ಅಪಾಯ, ಮಾಹಿತಿ ಎರಡನ್ನೂ ಅದೇ ಕೊಡುತ್ತದೆ. ಡೇವ್ ಜಾನ್ಸ್‌ಟನ್ 1999ರಲ್ಲಿ ಡಸ್ಟ್ ಮಾಡಿದರು, 2001ರಲ್ಲಿ ಡಸ್ಟ್ 2. ಇಂದಿಗೂ ಜನ ಅದನ್ನು ಆಡುತ್ತಾರೆ. ಚಿತ್ರದ ಲೆಕ್ಕದಲ್ಲಿ ನೋಡಿದರೆ ಅದು ಮರಳು ಬಣ್ಣದ ಗೋಡೆ, ಒಂದಷ್ಟು ಪೆಟ್ಟಿಗೆ. ಉಳಿದಿರುವುದು ದಾರಿಗಳ ಜೋಡಣೆಯಿಂದ. ಖಾಲಿ ಸರ್ವರ್‌ನಲ್ಲಿ ಅದನ್ನು ಒಬ್ಬರೇ ತೆರೆದು ಒಂದು ಸಂಜೆ ಓಡಾಡಿ. ಪ್ರತಿ ಸ್ಪಾನ್‌ನಿಂದ ಪ್ರತಿ ಕವಲಿಗೆ ಎಷ್ಟು ಸೆಕೆಂಡ್ ಅಂತ ಸ್ಟಾಪ್‌ವಾಚ್ ಇಟ್ಟುಕೊಂಡು ಬರೆಯಿರಿ. ಮ್ಯಾಪ್ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಸ್ಪಾನ್ ಬಗ್ಗೆ ಒಂದು ಮಾತು. ನಿಮ್ಮ ಸ್ಕೆಚ್‌ನಲ್ಲಿ ದಾಳಿ ಟೀಮಿನ ಸ್ಪಾನ್ ಪಾಯಿಂಟ್‌ಗಳು ಉದ್ದ ಸಾಲಿನಲ್ಲಿವೆ. ಮುಂದಿನವನಿಗೂ ಹಿಂದಿನವನಿಗೂ 400 ಯೂನಿಟ್ ಅಂತರ. ಅಂದರೆ ಒಂದೇ ಜಾಗ ತಲುಪಲು ಇಬ್ಬರ ನಡುವೆ 1.8 ಸೆಕೆಂಡ್ ವ್ಯತ್ಯಾಸ. ಯಾವ ಪಾಯಿಂಟ್ ಸಿಗುತ್ತದೆ ಅನ್ನುವುದು ಅದೃಷ್ಟ. ಒಂದು ರೌಂಡಿನಲ್ಲಿ ಸ್ನೈಪರ್ ಕಿಟಕಿಗೆ ಮೊದಲು ತಲುಪಿದವನು ಮುಂದಿನ ರೌಂಡಿನಲ್ಲಿ ಅದೇ ಓಟ ಓಡಿ ಸಾಯುತ್ತಾನೆ. ಯಾಕೆ ಸತ್ತೆ ಅಂತ ಅವನಿಗೆ ತಿಳಿಯುವುದೇ ಇಲ್ಲ. ಪಾಯಿಂಟ್‌ಗಳನ್ನು ಎರಡು ಸಾಲಾಗಿ ಒತ್ತಿಟ್ಟು, 150 ಯೂನಿಟ್ ಒಳಗೆ ತನ್ನಿ. ಒಂದರ ಮೇಲೊಂದು ಬೀಳದಂತೆ ಜಾಗ ಬಿಡಿ. ಎಲ್ಲರ ಮುಖ ಹೊರಡುವ ದಾರಿಯ ಕಡೆಗಿರಲಿ. ಸರ್ವರ್‌ನಲ್ಲಿ ಹತ್ತಕ್ಕಿಂತ ಜಾಸ್ತಿ ಜನ ಬರಬಹುದಾದರೆ ಪಾಯಿಂಟ್‌ಗಳೂ ಅಷ್ಟು ಬೇಕು.

ಈಗ ಯಾರಿಗೆ ಎಷ್ಟು ಕಾಣುತ್ತದೆ ಅನ್ನುವ ವಿಷಯ. ಎ ಸೈಟಿನಲ್ಲಿ ನೀವಿಟ್ಟ ಪೆಟ್ಟಿಗೆಗಳ ಎತ್ತರ 56 ಯೂನಿಟ್ ಅಂತ ಬರೆದಿದ್ದೀರಿ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ, ಯಾಕೆಂದರೆ ನಿಮ್ಮ ದಾಳಿ ಟೀಮು ಸೋಲಲು ಈ ಪೆಟ್ಟಿಗೆಯೂ ಒಂದು ಕಾರಣ.

ಹಾಫ್-ಲೈಫ್ 2ರ ಮೂಲ ಅಳತೆಯಲ್ಲಿ ನಿಂತ ಆಟಗಾರನ ಎತ್ತರ 72 ಯೂನಿಟ್. ಅಗಲ 32. ಕಣ್ಣು ಇರುವುದು 64ರಲ್ಲಿ. ಕುಕ್ಕರಗಾಲಲ್ಲಿ ಕೂತರೆ ಎತ್ತರ 36. ಈಗ 56 ಯೂನಿಟ್ ಎತ್ತರ, 64 ಯೂನಿಟ್ ದಪ್ಪದ ಪೆಟ್ಟಿಗೆಗೆ ಒಬ್ಬ ಒತ್ತಿ ನಿಲ್ಲುತ್ತಾನೆ ಅನ್ನಿ. ಅವನ ಕಣ್ಣು ಪೆಟ್ಟಿಗೆಯ ಮೇಲಂಚಿಗಿಂತ 8 ಯೂನಿಟ್ ಮೇಲಿದೆ. ಕಣ್ಣಿನಿಂದ ಪೆಟ್ಟಿಗೆಯ ಆಚೆ ಅಂಚಿಗೆ 80 ಯೂನಿಟ್. ಅಂಚಿನ ಮೇಲಿಂದ ಹಾಯ್ದ ನೋಟ 80ಕ್ಕೆ 8ರಂತೆ ಇಳಿಯುತ್ತಾ 640 ಯೂನಿಟ್ ದೂರದಲ್ಲಿ ನೆಲ ಮುಟ್ಟುತ್ತದೆ. ಅಂದರೆ ಅದರಾಚೆ ಬರುವವನ ತಲೆಯಿಂದ ಕಾಲಿನವರೆಗೆ ಇವನಿಗೆ ಕಾಣುತ್ತದೆ. ಬರುವವನಿಗೆ ಇವನದು ಎಷ್ಟು ಕಾಣುತ್ತದೆ? 72ರಲ್ಲಿ 56 ಕಳೆದರೆ 16 ಯೂನಿಟ್. ಬರೀ ತಲೆ. ಇದು ಸರಿಸಮ ಕಾದಾಟ ಅಲ್ಲ. ಅಂಥ ಮೂರು ಪೆಟ್ಟಿಗೆ ಒಂದೇ ಸೈಟಿನಲ್ಲಿವೆ.

ಅದೇ ಪೆಟ್ಟಿಗೆಯನ್ನು 40ಕ್ಕೆ ಇಳಿಸಿ. ಈಗ ನಿಂತರೆ ಎದೆಯಿಂದ ಮೇಲೆ 32 ಯೂನಿಟ್ ಹೊರಗೆ. ಕೂತರೆ ಪೂರ್ತಿ ಮರೆ. ಗುಂಡು ಹಾರಿಸಬೇಕಾದರೆ ಅವನು ಮೈ ಒಡ್ಡಬೇಕು, ಬಚ್ಚಿಟ್ಟುಕೊಳ್ಳಬೇಕಾದರೆ ನೋಟ ಬಿಟ್ಟುಕೊಡಬೇಕು. ಇನ್ನು ಪೂರ್ತಿ ಮರೆ ಬೇಕಾದ ಕಡೆ 80ರ ಮೇಲೆ ಇರಲಿ. ಅವನು ಬದಿಯಿಂದ ಇಣುಕಲಿ. ನಡುವಿನ ಎತ್ತರವನ್ನು ಬೇಕು ಅಂತಲೇ ಇಟ್ಟರೆ ಸರಿ, ಟೆಕ್ಸ್ಚರ್ ಅಂದವಾಗಿ ಕೂರುತ್ತದೆ ಅಂತ ಇಡಬೇಡಿ. ನಿಮ್ಮ ಮಾಡ್‌ನಲ್ಲಿ ಎತ್ತರ, ಕೂರುವ ಅಳತೆ ಬೇರೆ ಇದ್ದರೆ ಆ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಇಲ್ಲಿ ಅಂದಾಜು ನಡೆಯುವುದಿಲ್ಲ.

ಬಾಗಿಲಲ್ಲಿ ನಿಂತು ಒಮ್ಮೆ ಸೈಟಿನ ಒಳಗೆ ನೋಡಿ. ಎಷ್ಟು ಕಡೆ ಒಬ್ಬ ಅಡಗಿರಬಹುದು? ನಿಮ್ಮ ಬಿ ಬಾಗಿಲಿಂದ ಎಣಿಸಿದರೆ ಆರು. ಎರಡು ಮೇಲ್ಗಡೆ, ಒಂದು ಬೆನ್ನಿಗೆ. ದಾಳಿ ಮಾಡುವವನು ಒಂದು ಕಡೆ ಗುರಿ ತಿರುಗಿಸಿದರೆ ಐದು ಕಡೆಗೆ ಬೆನ್ನು. ಒಟ್ಟಿಗೆ ಎದುರಾಗುವ ಕೋನ ಎರಡಿರಲಿ, ಹೆಚ್ಚೆಂದರೆ ಮೂರು. ಉಳಿದವು ಮುಂದೆ ಹೋದ ಹಾಗೆ ಒಂದೊಂದಾಗಿ ತೆರೆದುಕೊಳ್ಳಲಿ. ಮೇಲ್ಗಡೆಯ ಒಂದು ಜಾಗ ಇಟ್ಟುಕೊಳ್ಳಿ, ಇನ್ನೊಂದನ್ನು ತೆಗೆಯಿರಿ. ಎತ್ತರದಲ್ಲಿ ನಿಂತವನಿಗೆ ಮೊದಲೇ ಲಾಭ ಇರುತ್ತದೆ. ಹಾಗಾಗಿ ಅಲ್ಲಿಂದ ಓಡಿಹೋಗಲು ಎರಡನೇ ದಾರಿ ಕೊಡಬೇಡಿ.

ಓಡುವಾಗ ಮೈ ತಗುಲುವುದು ಸಣ್ಣ ವಿಷಯ ಅನ್ನಿಸಬಹುದು. ಆಡುವವರಿಗೆ ಅದಕ್ಕಿಂತ ಸಿಟ್ಟು ಬರಿಸುವುದು ಇನ್ನೊಂದಿಲ್ಲ. ನೀವು ಗೋಡೆಗೆ ಕೂಡಿಸಿದ ಪೈಪು, ಕಿಟಕಿ ಚೌಕಟ್ಟು, ಕಂಬದ ಬುಡ ಎಲ್ಲದರ ಮೇಲೆ ಪ್ಲೇಯರ್‌ಕ್ಲಿಪ್ ಬ್ರಷ್ (ಕಣ್ಣಿಗೆ ಕಾಣದ, ಆಟಗಾರನನ್ನು ತಡೆಯುವ ಘನ ತುಂಡು) ಹಾಕಿ ಗೋಡೆಯನ್ನು ನುಣುಪು ಮಾಡಿ. ಮೆಟ್ಟಿಲ ಮೇಲೆ ಕ್ಲಿಪ್‌ನಲ್ಲೇ ಒಂದು ಇಳಿಜಾರು ಹಾಸಿ, ಇಲ್ಲದಿದ್ದರೆ ಹತ್ತುವಾಗ ಕ್ಯಾಮೆರಾ ಕುಕ್ಕುತ್ತದೆ. ಒಂದು ಮೆಟ್ಟಿಲು 18 ಯೂನಿಟ್ ದಾಟಿದರೆ ನಡೆದು ಹತ್ತಲು ಆಗುವುದೇ ಇಲ್ಲ, ಹಾರಬೇಕು.

ಎಫ್‌ಪಿಎಸ್ ವಿಷಯಕ್ಕೆ ಬರೋಣ. ನಿಮ್ಮ ಅಂಗಳದಲ್ಲಿ ಪ್ರಾಪ್‌ಗಳು (ಡ್ರಮ್ಮು, ಕುರ್ಚಿಯಂಥ ಸಿದ್ಧ ಮಾಡೆಲ್‌ಗಳು) ಜಾಸ್ತಿಯಾದವು ಅಂತ ಅಂದುಕೊಂಡಿದ್ದೀರೇನೋ. ಸ್ವಲ್ಪ ಮಟ್ಟಿಗೆ ನಿಜ. ಮುಖ್ಯ ಕಾರಣ ಆಕಾಶ.

ಸೋರ್ಸ್ ಎಂಜಿನ್ ಕೆಲಸ ಮಾಡುವ ಬಗೆ ಹೀಗೆ. ಕಂಪೈಲ್ ಕೊಟ್ಟಾಗ, ಅಂದರೆ ಮ್ಯಾಪನ್ನು ಆಡುವ ಫೈಲಾಗಿ ಬದಲಿಸುವಾಗ, ಮೊದಲು ವಿಬಿಎಸ್‌ಪಿ ಅನ್ನುವ ಪ್ರೋಗ್ರಾಂ ಓಡುತ್ತದೆ. ಅದು ಮ್ಯಾಪಿನ ಖಾಲಿ ಜಾಗವನ್ನು ಲೀಫ್ ಅನ್ನುವ ತುಂಡುಗಳಾಗಿ ಕತ್ತರಿಸುತ್ತದೆ. ಆಮೇಲೆ ವಿವಿಸ್ ಬಂದು ಯಾವ ಲೀಫ್‌ನಿಂದ ಯಾವ ಲೀಫ್ ಕಾಣಬಹುದು ಅಂತ ಪಟ್ಟಿ ಮಾಡುತ್ತದೆ. ಕೊನೆಗೆ ವ್ರಾಡ್ ಬೆಳಕಿನ ಲೆಕ್ಕ ಮಾಡುತ್ತದೆ. ಆಡುವಾಗ ನೀವು ನಿಂತ ಲೀಫ್‌ನ ಪಟ್ಟಿಯಲ್ಲಿ ಏನಿಲ್ಲವೋ ಅದನ್ನು ಎಂಜಿನ್ ಮುಟ್ಟುವುದೇ ಇಲ್ಲ. ಪಟ್ಟಿಯಲ್ಲಿ ಇದ್ದರೆ, ನಡುವೆ ಮನೆ ಅಡ್ಡ ನಿಂತಿದ್ದರೂ, ನೀವು ಆ ಕಡೆ ತಿರುಗಿದಾಗ ಅದನ್ನು ಚಿತ್ರಿಸುತ್ತದೆ. 1996ರ ಕ್ವೇಕ್ ಇದೇ ಉಪಾಯದ ಮೇಲೆ ನಿಂತಿತ್ತು. ಹಾಫ್-ಲೈಫ್ ಎಂಜಿನ್ ಬಂದದ್ದು ಕ್ವೇಕ್ ಎಂಜಿನ್‌ನಿಂದ, ಸೋರ್ಸ್ ಬಂದದ್ದು ಆ ವಂಶದಲ್ಲೇ. ಹಾಗಾಗಿ ಈ ಗುಣ ಹಾಗೇ ಉಳಿದಿದೆ.

ನಿಮ್ಮ ಮನೆಗಳು 256 ಯೂನಿಟ್ ಎತ್ತರ. ಆಕಾಶವಾಗಿ ಕಾಣುವ ಸ್ಕೈ ಬ್ರಷ್ ಇರುವುದು 1500ರಲ್ಲಿ. ಎಲ್ಲ ಮನೆಗಳ ತಾರಸಿ ಮೇಲೆ ಒಂದೇ ಒಂದು ದೊಡ್ಡ ಖಾಲಿ ಹರಡಿದೆ. ಅಂಗಳದ ಲೀಫ್‌ಗಳು ಆಕಾಶದವರೆಗೂ ಹೋಗುತ್ತವೆ, ಸೈಟುಗಳ ಲೀಫ್‌ಗಳೂ ಹಾಗೇ. ಮೇಲ್ಗಡೆ ಒಂದನ್ನೊಂದು ನೋಡುತ್ತವೆ. ಅಷ್ಟಾದರೆ ಸಾಕು, ವಿವಿಸ್ ಲೆಕ್ಕದಲ್ಲಿ ಅಂಗಳದಲ್ಲಿ ನಿಂತವನಿಗೆ ಇಡೀ ಮ್ಯಾಪ್ ಕಾಣುತ್ತದೆ. ಚೀಟ್ಸ್ ಆನ್ ಮಾಡಿ ವೈರ್‌ಫ್ರೇಮ್ ಕಮಾಂಡ್ ಕೊಟ್ಟು ಅಂಗಳದಲ್ಲಿ ನಿಂತು ನೋಡಿ. ಗೋಡೆಗಳ ಹಿಂದೆ ಬಿ ಸೈಟಿನ ಪೆಟ್ಟಿಗೆಗಳ ಗೆರೆಗಳೆಲ್ಲ ಕಾಣುತ್ತವೆ. ಕಾಣಬಾರದಲ್ವಾ?

ಮೂರು ಕೆಲಸ ಮಾಡಿ. ಸ್ಕೈ ಬ್ರಷ್ ಕೆಳಗಿಳಿಸಿ. ಗ್ರೆನೇಡ್ ಎಸೆಯಲು ಸಾಕಾಗುವಷ್ಟು ಎತ್ತರ ಬಿಟ್ಟರೆ ಸಾಕು. ಅಂಗಳಕ್ಕೂ ಸೈಟುಗಳಿಗೂ ನಡುವೆ ಇರುವ ಮನೆಗಳಲ್ಲಿ ಎರಡನ್ನು ಆಕಾಶದವರೆಗೆ ಎತ್ತಿ, ಕೆಳಗಿನಿಂದ ನೋಡಿದವನಿಗೆ ಇನ್ನೊಂದು ಮಹಡಿ ಅನ್ನಿಸುತ್ತದೆ. ಎತ್ತಲಾಗದ ಮನೆಗಳ ತಾರಸಿ ಮಟ್ಟದಲ್ಲಿ ಹಿಂಟ್ ಬ್ರಷ್ (ಲೀಫ್ ಎಲ್ಲಿ ಕತ್ತರಿಸಬೇಕು ಅಂತ ಹೇಳುವ, ಆಟದಲ್ಲಿ ಕಾಣದ ಬ್ರಷ್) ಅಡ್ಡಲಾಗಿ ಹಾಕಿ, ಉಳಿದ ಮುಖಗಳಿಗೆ ಲೀಫ್ ಕತ್ತರಿಸದ ಸ್ಕಿಪ್ ಟೆಕ್ಸ್ಚರ್ ಹಚ್ಚಿ. ಆಗ ಕೆಳಗಿನ ಲೀಫ್, ಮೇಲಿನ ಲೀಫ್ ಬೇರೆಬೇರೆ ಆಗುತ್ತವೆ. ಕೆಳಗೆ ನಿಂತವನು ಮೇಲಿನದನ್ನು ನೋಡಬಹುದು, ಮೇಲಿಂದ ಆಚೆ ಕೆಳಗಿಳಿದದ್ದು ಪಟ್ಟಿಗೆ ಸೇರುವುದಿಲ್ಲ.

ಒಂದು ಎಚ್ಚರಿಕೆ. ಫಂಕ್-ಡೀಟೇಲ್ (ಲೀಫ್ ಕತ್ತರಿಸದ ಬಗೆ) ಮಾಡಿದ ಬ್ರಷ್ ನೋಟವನ್ನು ತಡೆಯುವುದಿಲ್ಲ. ಪ್ರಾಪ್ ತಡೆಯುವುದಿಲ್ಲ. ಉಬ್ಬುತಗ್ಗಿನ ನೆಲಕ್ಕೆ ಬಳಸುವ ಡಿಸ್‌ಪ್ಲೇಸ್‌ಮೆಂಟ್ ಕೂಡ ತಡೆಯುವುದಿಲ್ಲ. ತಡೆಯುವುದು ಸಾದಾ ಗಟ್ಟಿ ಬ್ರಷ್ ಮಾತ್ರ. ಹಾಗಾಗಿ ಮನೆಯ ಮೈ ಸಾದಾ ಬ್ರಷ್ ಆಗಿರಲಿ. ಕಂಬ, ಕಿಟಕಿ ಚೌಕಟ್ಟು, ಮೆಟ್ಟಿಲು, ಕಮಾನು ಇಂಥವೆಲ್ಲ ಫಂಕ್-ಡೀಟೇಲ್ ಆಗಲಿ. ಇಲ್ಲದಿದ್ದರೆ ಒಂದೊಂದು ಕಂಬವೂ ಲೀಫ್‌ಗಳನ್ನು ಸೀಳಿ ವಿವಿಸ್ ಗಂಟೆಗಟ್ಟಲೆ ಓಡುತ್ತದೆ. ಯಾರ ಕಣ್ಣಿಗೂ ಬೀಳದ ಮುಖಗಳಿಗೆ ನೋಡ್ರಾ (ಚಿತ್ರಿಸಬೇಡ ಅನ್ನುವ) ಟೆಕ್ಸ್ಚರ್ ಹಚ್ಚಿ. ಚಿಕ್ಕ ಪ್ರಾಪ್‌ಗಳಿಗೆ ಫೇಡ್ ದೂರ ಕೊಡಿ, ಅದರಾಚೆಯಿಂದ ಅವು ಕಾಣದಿರಲಿ.

ಕಂಪೈಲ್ ಲಾಗ್‌ನಲ್ಲಿ ಲೀಕ್ ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ಮ್ಯಾಪಿನ ಒಳಗಿನಿಂದ ಹೊರಗಿನ ಶೂನ್ಯಕ್ಕೆ ಎಲ್ಲೋ ಒಂದು ಸಂದಿ ಇದೆ ಅಂತ ಅರ್ಥ. ಸಂದಿ ಇದ್ದರೆ ವಿವಿಸ್ ಪಟ್ಟಿಯೇ ಆಗುವುದಿಲ್ಲ. ಹ್ಯಾಮರ್‌ನಲ್ಲಿ ಪಾಯಿಂಟ್‌ಫೈಲ್ ಲೋಡ್ ಮಾಡಿದರೆ ಒಂದು ಕೆಂಪು ಗೆರೆ ಒಂದು ಎಂಟಿಟಿಯಿಂದ (ದೀಪ, ಸ್ಪಾನ್ ಪಾಯಿಂಟ್‌ನಂಥ ವಸ್ತು) ಆ ಸಂದಿಯವರೆಗೆ ಕರೆದುಕೊಂಡು ಹೋಗುತ್ತದೆ. ಸಂದಿಯನ್ನೇ ಮುಚ್ಚಿ. ಇಡೀ ಮ್ಯಾಪಿನ ಸುತ್ತ ಒಂದು ದೊಡ್ಡ ಸ್ಕೈ ಪೆಟ್ಟಿಗೆ ಹೊದಿಸಿ ಕೈತೊಳೆದುಕೊಳ್ಳುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಲೀಕ್ ಸಂದೇಶ ಹೋಗುತ್ತದೆ, ಆದರೆ ಮ್ಯಾಪಿನ ಹೊರಮೈ ಪೂರ್ತಿ ಕಂಪೈಲ್‌ಗೆ ಸೇರಿಕೊಂಡು ಎಫ್‌ಪಿಎಸ್ ಇನ್ನೂ ಕೆಡುತ್ತದೆ. ಅವಸರದ ಲೆಕ್ಕವಾದ ಫಾಸ್ಟ್ ವಿವಿಸ್ ಪರೀಕ್ಷೆಗೆ ಮಾತ್ರ. ಹಂಚುವ ಫೈಲಿಗೆ ಪೂರ್ತಿ ವಿವಿಸ್ ಓಡಿಸಿ.

ನಿಮ್ಮ ಟೆಕ್ಸ್ಚರ್ ಬಗ್ಗೆ ಹೇಳಲೇಬೇಕು. ಕೆಲಸ ಚೆನ್ನಾಗಿದೆ. ಆದರೆ ಎ ಸೈಟು, ಬಿ ಸೈಟು ಎರಡಕ್ಕೂ ಅದೇ ಇಟ್ಟಿಗೆ, ಅದೇ ಹಸಿರು ಬಾಗಿಲು. ಗುಂಡಿನ ಸದ್ದಿನ ನಡುವೆ ಗೆಳೆಯನಿಗೆ ಎಲ್ಲಿದ್ದಾನೆ ಅಂತ ಕೂಗಿ ಹೇಳಬೇಕು. ಎರಡು ಸೆಕೆಂಡ್ ಕೂಡ ಇಲ್ಲ. ಕೆಂಪು ಲಾರಿ, ನೀಲಿ ಬಾಗಿಲು, ಮುರಿದ ಗೋಡೆ, ಹೀಗೆ ಪ್ರತಿ ಕವಲಿಗೂ ಒಂದು ಗುರುತು ಇದ್ದರೆ ಹೆಸರು ತಾನಾಗಿ ಹುಟ್ಟುತ್ತದೆ. ನೀವು ಹೆಸರಿಡಬೇಕಾಗಿಲ್ಲ. ಎ ಸೈಟಿಗೆ ಇಟ್ಟಿಗೆ ಬಿಡಿ, ಬಿ ಸೈಟಿಗೆ ಸುಣ್ಣದ ಗೋಡೆ ಮಾಡಿ. ಇನ್ನೊಂದು, ಕಣ್ಣಿನ ಮಟ್ಟದ ಗೋಡೆ ಆದಷ್ಟು ಸಾದಾ ಇರಲಿ. ಬಳ್ಳಿ, ಪೋಸ್ಟರ್, ಬಿರುಕು ಎಲ್ಲ ತಲೆಗಿಂತ ಮೇಲೆ ಹೋಗಲಿ. ಈಗ ಬಳ್ಳಿಯ ಮುಂದೆ ನಿಂತವನು ಕಾಣುವುದೇ ಇಲ್ಲ. ಅವನ ಚಾಕಚಕ್ಯತೆಯಿಂದ ಸತ್ತರೆ ಎದುರಾಳಿ ಒಪ್ಪಿಕೊಳ್ಳುತ್ತಾನೆ, ಬಳ್ಳಿಯಿಂದ ಸತ್ತರೆ ಒಪ್ಪುವುದಿಲ್ಲ.

ಇನ್ನು ಪರೀಕ್ಷೆ. ಈ ಬದಲಾವಣೆ ಮಾಡಿದ ಭಾಗಗಳಿಗೆ ಸದ್ಯ ಟೆಕ್ಸ್ಚರ್ ಹಚ್ಚಬೇಡಿ. ಹ್ಯಾಮರ್ ಜೊತೆ ಬರುವ ಬೂದು, ಕಿತ್ತಳೆ ಬಣ್ಣದ ಡೆವ್ ಟೆಕ್ಸ್ಚರ್ ಸಾಕು. ಅದರ ಮೇಲೆ ಅಳತೆ ಗೆರೆಗಳಿರುವುದರಿಂದ ಎತ್ತರವೂ ಕಣ್ಣಿಗೇ ಗೊತ್ತಾಗುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ, ಅದು ದೊಡ್ಡ ಲಾಭ. ಚಂದ ಮಾಡಿದ ಗೋಡೆ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಬೂದು ಗೋಡೆ ಒಡೆಯಲು ಅರೆಕ್ಷಣವೂ ಬೇಡ. ನಿಮ್ಮ ಹಿಂದಿನ ಕಾರಿಡಾರ್ ಇಷ್ಟು ದಿನ ಉಳಿದದ್ದು ಅದರ ಕಮಾನು ಅಷ್ಟು ಚೆನ್ನಾಗಿದೆ ಅಂತಲೇ ಇರಬೇಕು. ಆ ಕಮಾನನ್ನು ಎತ್ತಿ ಅಂಗಳದಿಂದ ಬಿ ಕಡೆಗೆ ತೆರೆಯುವ ಹೊಸ ದಾರಿಗೆ ಕೂಡಿಸಿ, ಅಲ್ಲಿ ಅದಕ್ಕೆ ಕೆಲಸ ಇರುತ್ತದೆ.

ಹತ್ತು ಜನ ಸೇರಿಸಿ. ಸರ್ವರ್‌ನ ಸೋರ್ಸ್ ಟಿವಿ ಆನ್ ಮಾಡಿ ಡೆಮೊ (ಆಮೇಲೆ ನೋಡಬಹುದಾದ ಆಟದ ದಾಖಲೆ) ರೆಕಾರ್ಡ್ ಮಾಡಿ. ಅವರು ಆಡುವಾಗ ನೀವು ಮಾತಾಡಬೇಡಿ. ಆ ಕಡೆ ದಾರಿ ಇದೆ ನೋಡಿ ಅಂತ ಬಾಯಿಗೆ ಬರುತ್ತದೆ, ತಡೆದುಕೊಳ್ಳಿ. ಯಾರೂ ಹೇಳದೆ ಆ ದಾರಿ ಸಿಗಲಿಲ್ಲ ಅಂದರೆ ದಾರಿಯ ಬಾಯಲ್ಲಿ ಬೆಳಕು ಸಾಲದು ಅಂತ ನಿಮಗೆ ಗೊತ್ತಾಯಿತಲ್ಲ. ಡೆಮೊ ನೋಡುವಾಗ ಸ್ಕೆಚ್‌ನ ಒಂದು ಪ್ರತಿ ಪಕ್ಕದಲ್ಲಿಟ್ಟುಕೊಳ್ಳಿ. ಪ್ರತಿ ರೌಂಡಿನ ಮೊದಲ ಸಾವು ಎಲ್ಲಾಯಿತು, ಯಾವ ಸೆಕೆಂಡಿಗಾಯಿತು ಅಂತ ಗುರುತು ಹಾಕಿ. ಮೊದಲ ಸಾವು ಮಾತ್ರ ಸಾಕು. ಎಲ್ಲ ಗುರುತು ಒಂದೇ ಬಾಗಿಲಲ್ಲಿ ಬಿದ್ದರೆ ಮ್ಯಾಪಿನಲ್ಲಿ ಇನ್ನೂ ಒಂದೇ ಆಟ ಇದೆ. ಮೂರು-ನಾಲ್ಕು ಕಡೆ ಹರಡಿದರೆ ನೀವು ಸರಿದಾರಿಯಲ್ಲಿದ್ದೀರಿ.

ಆಡಿದವರ ಮಾತು ಕೇಳುವಾಗ ತೊಂದರೆ ಯಾವುದು, ಪರಿಹಾರ ಯಾವುದು ಅಂತ ಬೇರೆ ಮಾಡಿ. ಬಿ ಸೈಟು ನುಗ್ಗೋಕಾಗಲ್ಲ ಅಂದರೆ ನಂಬಿ. ಅಲ್ಲಿ ಇನ್ನೊಂದು ಬಾಗಿಲಿಡಿ ಅಂದರೆ ಕೇಳಿಸಿಕೊಂಡು ಸುಮ್ನಿರಿ. ಕಾರಣ ಬಾಗಿಲ ಸಂಖ್ಯೆ ಆಗಿರದೆ ಪೆಟ್ಟಿಗೆಯ ಎತ್ತರ ಆಗಿರಬಹುದು. ಒಂದು ಸಲಕ್ಕೆ ಒಂದೆರಡೇ ಬದಲಾವಣೆ ಮಾಡಿ. ಮೊದಲ ಸುತ್ತಿನಲ್ಲಿ ಕಾರಿಡಾರ್ ಮುಚ್ಚಿ, ಅಂಗಳದಿಂದ ಬಿ ದಾರಿ ತೆರೆಯಿರಿ. ಅಷ್ಟೇ. ಇವೆರಡು ಒಂದಕ್ಕೊಂದು ಅಂಟಿಕೊಂಡಿವೆ, ಒಂದನ್ನೇ ಮಾಡಿದರೆ ಏನೂ ತಿಳಿಯದು. ಪೆಟ್ಟಿಗೆ, ಸ್ಪಾನ್ ಎರಡನೇ ಸುತ್ತಿಗೆ. 3000 ಯೂನಿಟ್ ದಾರಿಯನ್ನು 2300ಕ್ಕೆ ಇಳಿಸಬೇಕಾ ಅನ್ನುವುದು ಮೂರನೇ ಸುತ್ತಿಗೆ. ಬಹುಶಃ ಆಗ ಅಷ್ಟು ಕತ್ತರಿಸುವುದೇ ಬೇಡವಾಗುತ್ತದೆ.

ಪ್ರತಿ ಸುತ್ತಿನ ಫೈಲಿಗೂ ಹೊಸ ಹೆಸರು ಕೊಡಿ. ಹೆಸರಿನ ಕೊನೆಗೆ ಎ1, ಎ2, ಆಮೇಲೆ ಬಿ1, ಬಿ2 (ಆಲ್ಫಾ, ಬೀಟಾ ಅಂತ, ಸೈಟಿನ ಹೆಸರಲ್ಲ) ಅಂತ ಸೇರಿಸುತ್ತಾ ಹೋಗುವುದು ಮ್ಯಾಪ್ ಮಾಡುವವರ ರೂಢಿ. ಹಳೆಯ ಹೆಸರಲ್ಲೇ ಹೊಸ ಫೈಲ್ ಹಂಚಿದರೆ, ಹಳೆಯದು ಕಂಪ್ಯೂಟರ್‌ನಲ್ಲಿ ಉಳಿದಿರುವವರನ್ನು ಸರ್ವರ್ ಒಳಗೆ ಬಿಡುವುದಿಲ್ಲ. ನಿಮ್ಮ ಮ್ಯಾಪ್ ಸರ್ವರ್‌ನದಕ್ಕಿಂತ ಬೇರೆ ಇದೆ ಅಂತ ಹೇಳಿ ಹೊರಗೆ ಹಾಕುತ್ತದೆ. ನೀವು ಸ್ವಂತ ಟೆಕ್ಸ್ಚರ್, ಮಾಡೆಲ್, ಸೌಂಡ್ ಬಳಸಿದ್ದರೆ ಅವನ್ನು ಬಿಎಸ್‌ಪಿ ಫೈಲಿನ (ಕಂಪೈಲ್ ಆದ ಮ್ಯಾಪ್) ಒಳಗೇ ಪ್ಯಾಕ್ ಮಾಡಿ. ಅದಕ್ಕೆ ಬೇಕಾದ ಬಿಎಸ್‌ಪಿ-ಜಿಪ್, ಹ್ಯಾಮರ್ ಇರುವ ಎಸ್‌ಡಿಕೆ ಉಪಕರಣಗಳ ಜೊತೆಗೇ ಬರುತ್ತದೆ. ಪ್ಯಾಕ್ ಮಾಡದಿದ್ದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಎಲ್ಲ ಸರಿ ಕಾಣುತ್ತದೆ, ಉಳಿದವರಿಗೆ ಗೋಡೆಗಳೆಲ್ಲ ಗುಲಾಬಿ-ಕಪ್ಪು ಚೌಕಳಿ. ಬೇರೆ ಆಟದಿಂದ ಕಿತ್ತ ಮಾಡೆಲ್‌ಗಳಿದ್ದರೆ ಪ್ಯಾಕ್ ಮಾಡುವ ಮೊದಲೇ ತೆಗೆದುಬಿಡಿ, ಅವು ನಿಮ್ಮವಲ್ಲ.

ಹೆಸರು ಬದಲಿಸುವುದನ್ನು ಮಾತ್ರ ಹ್ಯಾಮರ್‌ನ ವಿಎಮ್‌ಎಫ್ ಫೈಲಿನಲ್ಲಿ ಮಾಡಿ, ಅಲ್ಲಿಂದ ಮತ್ತೆ ಕಂಪೈಲ್ ಮಾಡಿ. ಕಂಪೈಲ್ ಆದ ಬಿಎಸ್‌ಪಿ ಫೈಲಿನ ಹೆಸರನ್ನು ನೇರವಾಗಿ ತಿದ್ದಬೇಡಿ. ಹೊಳಪಿನ ಮೇಲೆ ಪ್ರತಿಬಿಂಬ ತೋರಿಸುವ ಕ್ಯೂಬ್‌ಮ್ಯಾಪ್‌ಗಳು ಫೈಲಿನ ಒಳಗೆ ಮ್ಯಾಪಿನ ಹೆಸರಿನ ಫೋಲ್ಡರ್‌ನಲ್ಲೇ ಕೂತಿರುತ್ತವೆ. ಹೊರಗಿನ ಹೆಸರು ಬದಲಾದರೆ ಅವು ಸಿಗದೆ, ನೀವು ಅಷ್ಟು ಕಷ್ಟಪಟ್ಟು ಹೊಳಪು ಕೊಟ್ಟ ಗಾಜು, ಒದ್ದೆ ನೆಲ ಎಲ್ಲ ಕೆಟ್ಟು ಕಾಣುತ್ತವೆ. ಹೊಸ ಕಂಪೈಲ್ ಆದ ಮೇಲೆ ಮ್ಯಾಪ್ ತೆರೆದು ಕ್ಯೂಬ್‌ಮ್ಯಾಪ್ ಬಿಲ್ಡ್ ಮಾಡಿ, ಆಮೇಲೆ ಹಂಚಿ. ಎರಡನೇ ಸುತ್ತಿನ ಗುರುತು ಹಾಕಿದ ಸ್ಕೆಚ್ ಸಿಕ್ಕಾಗ ನನಗೂ ಕಳಿಸಿ, ಅಂಗಳದ ಬಾಗಿಲಿನ ಅಗಲ ಎಷ್ಟಿರಬೇಕು ಅನ್ನುವುದನ್ನು ಅದನ್ನು ನೋಡಿಯೇ ಹೇಳಬೇಕು.